ಸಹಾಯ ಬೇಕು: ಎದೆಪಟ್ಟಿಯೋ, ತೋಳಿನ ಬ್ಯಾಂಡೋ?

ಓಟಕ್ಕೂ ಸೈಕ್ಲಿಂಗ್‌ಗೂ ಆಗುವಂಥ ಒಂದು ಹಾರ್ಟ್ ರೇಟ್ ಮಾನಿಟರ್ ತಗೊಳ್ಳಬೇಕು ಅಂತಿದ್ದೇನೆ. ಬಳಸಿದವರು ಸ್ವಲ್ಪ ಹೇಳಿ.

ಈಗಿರುವುದು ಸ್ಮಾರ್ಟ್‌ವಾಚ್. ನಡೆಯುವಾಗ ಸರಿಯಾಗೇ ತೋರಿಸುತ್ತದೆ. ಓಡಲು ಶುರು ಮಾಡಿದ ಕೂಡಲೇ ಸುಮ್ನೆ 170ಕ್ಕೆ ಹಾರಿ ಅಲ್ಲೇ ಕೂತುಬಿಡುತ್ತದೆ. ನಿಂತು ಕುತ್ತಿಗೆಗೆ ಬೆರಳಿಟ್ಟು ಎಣಿಸಿದರೆ 140 ಕೂಡ ಇರುವುದಿಲ್ಲ! ನಾಡಿ ಬಿಟ್ಟು ಹೆಜ್ಜೆ ಎಣಿಸುತ್ತಿದೆ ಅನ್ನಿಸುತ್ತದೆ. ವಾಚ್‌ನಲ್ಲಿರುವಂಥ, ಚರ್ಮಕ್ಕೆ ಬೆಳಕು ಬಿಟ್ಟು ನಾಡಿ ಅಳೆಯುವ ಹಸಿರು ಬೆಳಕಿನ ಸೆನ್ಸರ್‌ಗಳಿಗೆ ಈ ರೋಗ ಇದ್ದದ್ದೇ ಅಲ್ವಾ? ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲೆ, ಬಿಗಿಯಾಗಿ ಕಟ್ಟಿ ನೋಡಿದೆ. ಜಾಸ್ತಿ ವ್ಯತ್ಯಾಸ ಆಗಲಿಲ್ಲ.

ಎದೆಪಟ್ಟಿ ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ, ಹಾಗಾಗಿ ಅದರ ಲೆಕ್ಕದ ಮೇಲೆ ನನಗೆ ನಂಬಿಕೆ ಇದೆ. ಅನುಮಾನ ಇರುವುದು ಆರಾಮದ ಬಗ್ಗೆ. ಗಂಟೆ ಮೀರಿದರೆ ಪಕ್ಕೆ ಉಜ್ಜಿ ಕೆಂಪಾಗುತ್ತದಾ? ಬೆವರಿಗೆ ಜಾರುತ್ತದಾ? ಪೋಲಾರ್ ಎಚ್10 ಎದೆಪಟ್ಟಿ ಬಳಸುವವರು ಹೇಳಿ. ತೋಳಿಗೆ ಕಟ್ಟುವ ವೆರಿಟಿ ಸೆನ್ಸ್ ಹಾಯಾಗಿರುತ್ತದೆ ಅಂತಾರೆ, ಆದರೆ ಅದೂ ಬೆಳಕಿನದ್ದೇ. ಅರ್ಧ ನಿಮಿಷದ ಸ್ಪ್ರಿಂಟ್‌ಗಳಲ್ಲಿ ಹಿಂದೆ ಬೀಳುತ್ತದಾ?

ಬ್ಲೂಟೂತ್ ಜೊತೆ ಆಂಟ್ ಪ್ಲಸ್ (ವ್ಯಾಯಾಮದ ಸಾಧನಗಳನ್ನು ಜೋಡಿಸುವ ಇನ್ನೊಂದು ವೈರ್‌ಲೆಸ್ ಸಂಪರ್ಕ) ಇರಲೇಬೇಕು, ನನ್ನ ಸೈಕಲ್ ಕಂಪ್ಯೂಟರ್ ಹಳೆಯದು. ನಿದ್ರೆ ಲೆಕ್ಕ, ಒತ್ತಡದ ಅಂಕಿ ಯಾವುದೂ ಬೇಡ. ಪಟ್ಟಿ ಬಿಚ್ಚಿ ಒಗೆಯಲು ಬಂದರೆ ಸಾಕು.