ಪೊರಕೆಯ ನಡು ಎಲ್ಲಿ? ಚಿಕ್ಕ ಮಕ್ಕಳಿಗೆ ಸಮತೋಲನ ಹೇಳಿಕೊಡೋದು

ಪ್ರಶ್ನೆ, ಹಾಸನದಿಂದ:
ನಲಿಕಲಿ ತರಗತಿ, 6ರಿಂದ 8 ವರ್ಷದ ಮಕ್ಕಳು. ಸ್ಕೇಲನ್ನು ಬೆರಳ ಮೇಲೆ ನಿಲ್ಲಿಸು ಅಂದ್ರೆ ನಡುವಿಗೆ ಬೆರಳಿಡ್ತಾರೆ, ಸರಿ. ಪೊರಕೆ ಕೊಟ್ರೂ ಉದ್ದದ ನಡುವಿಗೇ ಇಟ್ಟು ಬೀಳಿಸ್ತಾರೆ. ಗುರುತ್ವ ಕೇಂದ್ರ (ತೂಕದ ನಡು) ಅಂತ ಬಾಯಿಪಾಠ ಮಾಡಿಸದೆ ಇದನ್ನ ತಿಳಿಸೋದು ಹೇಗೆ? ಮನೇಲಿ ಸಿಗೋ ಸಾಮಾನೇ ಆಗಬೇಕು.

ಬೇಲೂರಿನಿಂದ:
ಮೇಡಂ, ಸ್ಕೇಲಿಂದ ಶುರು ಮಾಡೋದೇ ತೊಡಕು. ಅದರಲ್ಲಿ ಉದ್ದದ ನಡುವೂ ತೂಕದ ನಡುವೂ ಒಂದೇ ಕಡೆ ಇರುತ್ತೆ. ಪೊರಕೆಯಿಂದಲೇ ಶುರು ಮಾಡಿ. ಎರಡು ತೋರುಬೆರಳನ್ನ ಒಂದೊಂದು ತುದಿಯ ಹತ್ತಿರ ಇಟ್ಟು ಪೊರಕೆ ಮಲಗಿಸಿ, ಬೆರಳುಗಳನ್ನ ನಿಧಾನಕ್ಕೆ ಹತ್ತಿರ ತರಲಿ. ಯಾವ ಬೆರಳ ಮೇಲೆ ಭಾರ ಜಾಸ್ತಿಯೋ ಅಲ್ಲಿ ತಿಕ್ಕಾಟ ಜಾಸ್ತಿ, ಅದು ನಿಲ್ಲುತ್ತೆ, ಇನ್ನೊಂದು ಜಾರುತ್ತೆ. ಹೀಗೆ ಸರದಿ ಮೇಲೆ ಜಾರುತ್ತಾ ಎರಡೂ ತೂಕದ ನಡುವಲ್ಲೇ ಬಂದು ಸೇರ್ತವೆ. ಅಲ್ಲಿ ಕೆಂಪು ದಾರ ಕಟ್ಟಿ. ಅವಸರದಲ್ಲಿ ಎಳೆದರೆ ಕೆಡುತ್ತೆ.

ಚಿಕ್ಕಮಗಳೂರಿನಿಂದ:
ದಾರ ಕಟ್ಟಿದ ಮೇಲೆ ಒಂದು ಪ್ರಶ್ನೆ ಕೇಳಲೇಬೇಕು: "ದಾರದ ಈ ಕಡೆ ಭಾರವೋ, ಆ ಕಡೆಯೋ?" ಎರಡೂ ಸಮ ಅಂತಾರೆ. ದೊಡ್ಡವರೂ ಹಾಗೇ ಅಂತಾರೆ! ಪೊರಕೆ ಕತ್ತರಿಸೋಕಾಗಲ್ಲ, ಮೂಲಂಗಿ ತನ್ನಿ. ಸೊಪ್ಪು ತೆಗೆದು, ದಾರದಲ್ಲಿ ಅಡ್ಡಕ್ಕೆ ತೂಗಿ, ಸಮ ನಿಂತ ಜಾಗದಲ್ಲೇ ನೀವು ಕತ್ತರಿಸಿ, ಎರಡು ತುಂಡನ್ನೂ ತಕ್ಕಡಿಗೆ ಹಾಕಿ. ದಪ್ಪ ತುಂಡೇ ಕೆಳಗಿಳಿಯುತ್ತೆ. ಗೋಪುರದ ಹಾಗೆ ನೇರವಾಗಿ ಚೂಪಾಗುವ 20 ಸೆಂ.ಮೀ. ಮೂಲಂಗಿಯಾದ್ರೆ ದಪ್ಪ ತುದಿಯಿಂದ 5 ಸೆಂ.ಮೀ.ಗೆ ಸಮ ನಿಲ್ಲುತ್ತೆ. 100 ಗ್ರಾಂನಲ್ಲಿ ಸುಮಾರು 58 ದಪ್ಪ ಕಡೆ, 42 ಚೂಪು ಕಡೆ. ಭಾರದ ತುಂಡು ಹತ್ತಿರ ಇದೆ, ಹಗುರದ್ದು ದೂರಕ್ಕೆ ಚಾಚಿದೆ. ಪಾರ್ಕಿನ ಸೀಸಾದಲ್ಲಿ ದಪ್ಪ ಹುಡುಗ ಮುಂದಕ್ಕೆ ಸರಿದು ಕೂರೋದೂ ಇದಕ್ಕೇ. ಹೆಚ್ಚು ಕಡಿಮೆ ಒಂದೇ ದಪ್ಪ ಇರೋ ಮೂಲಂಗಿ ತಂದರೆ ವ್ಯತ್ಯಾಸವೇ ಕಾಣಲ್ಲ, ಆರಿಸಿ ತನ್ನಿ.

ಸಕಲೇಶಪುರದಿಂದ:
ಅದಕ್ಕೂ ಮೊದಲು ಮೈಯಲ್ಲೇ ಗೊತ್ತಾಗಲಿ. ಹಿಮ್ಮಡಿ, ಬೆನ್ನು ಗೋಡೆಗೆ ತಾಗಿಸಿ ನಿಂತು, ಮೊಣಕಾಲು ಮಡಚದೆ ಒಂದಡಿ ಮುಂದಿರುವ ನಾಣ್ಯ ಎತ್ತೋಕೆ ಹೇಳಿ. ಆಗಲ್ಲ. ಬಗ್ಗುವಾಗ ಸೊಂಟ ಹಿಂದೆ ಹೋಗಬೇಕು, ಗೋಡೆ ಬಿಡಲ್ಲ, ತೂಕ ಕಾಲ್ಬೆರಳು ದಾಟಿ ಮುಂದೆ ಹೋಗುತ್ತೆ. ಮುಂದೆ ಚಾಪೆ ಹಾಸಿರಿ, ಮೂಗಿಗೆ ಪೆಟ್ಟಾಗುತ್ತೆ. ತುಂಬಿದ ಬಿಂದಿಗೆ ಸೊಂಟದಲ್ಲಿಟ್ಟವರು ಇನ್ನೊಂದು ಕಡೆಗೆ ಯಾಕೆ ವಾಲ್ತಾರೆ ಅಂತ ಆಮೇಲೆ ಕೇಳಿ, ಮಕ್ಕಳೇ ಹೇಳ್ತಾರೆ.

ಹಾಸನದಿಂದಲೇ ಇನ್ನೊಬ್ಬರು:
ನಮ್ಮೂರ ಆಲೂಗೆಡ್ಡೆ ಬಿಟ್ಟರೆ ಹೇಗೆ? ಮೊಟ್ಟೆ ಗಾತ್ರದ್ದು ಸಾಕು. ಅದರೊಳಗೆ ಪೆನ್ಸಿಲ್ ಚುಚ್ಚಿ, ಕೆಳಗೆ 2–3 ಸೆಂ.ಮೀ. ಮಾತ್ರ ಹೊರಗಿರಲಿ. ಎರಡು ಫೋರ್ಕನ್ನ ಎದುರುಬದುರು, ಹಿಡಿ ಕೆಳಕ್ಕೆ ಇಳಿಯೋ ಹಾಗೆ ಓರೆಯಾಗಿ ಚುಚ್ಚಿ. ಪೆನ್ಸಿಲ್ ಮೊನೆಯನ್ನ ತಲೆಕೆಳಗಾಗಿಟ್ಟ ಲೋಟದ ಅಂಚಿಗೆ ಇಡಿ. ತಳ್ಳಿದ್ರೂ ತೂಗಾಡಿ ನಿಲ್ಲುತ್ತೆ, ಯಾಕಂದ್ರೆ ತೂಕದ ನಡು ಮೊನೆಗಿಂತ ಕೆಳಗಿದೆ. ಬೀಳ್ತಿದ್ರೆ ಕಾರಣ ಎರಡೇ: ಫೋರ್ಕ್ ಅಡ್ಡಡ್ಡ ನಿಂತಿದೆ, ಇಲ್ಲಾ ಪೆನ್ಸಿಲ್ ಉದ್ದಕ್ಕೆ ಹೊರಗೆ ಬಂದಿದೆ. ಫೋರ್ಕ್ ಇಲ್ಲದಿದ್ರೆ ಒಂದು ಗೇಣಿನ ಬಿದಿರು ಕಡ್ಡಿ, ತುದಿಗೆ ನಿಂಬೆಹಣ್ಣಿನಷ್ಟು ಜೇಡಿಮಣ್ಣು.

ಮತ್ತೆ ಬೇಲೂರಿನಿಂದ:
ಕೊಕ್ಕನ್ನ ಬೆರಳ ಮೇಲಿಟ್ಟರೆ ಬೀಳದೆ ನಿಲ್ಲೋ ಕಾಗದದ ಹಕ್ಕಿ ಮಾಡೋಕೆ ಹಳೇ ಲಗ್ನಪತ್ರಿಕೆ ಚೆನ್ನ, ನೋಟ್‌ಬುಕ್ ಹಾಳೆ ಬಾಗುತ್ತೆ. ರೆಕ್ಕೆ ತುದಿಗಳು ಕೊಕ್ಕಿಗಿಂತ 2 ಸೆಂ.ಮೀ. ಮುಂದಿರಬೇಕು, ತುಸು ಕೆಳಕ್ಕೂ ಬಾಗಿರಬೇಕು. ತುದಿಗಳ ಅಡಿಗೆ ಒಂದೊಂದು ರೂಪಾಯಿ ನಾಣ್ಯ ಅಂಟಿಸಿ. ಎರಡೂ ಒಂದೇ ತರದ್ದಿರಲಿ: ಹಳೆಯ ದೊಡ್ಡ ಸ್ಟೀಲ್ ರೂಪಾಯಿ 4.85 ಗ್ರಾಂ, 2011ರಿಂದ ಬಂದದ್ದು 3.79. ಬೆರೆಸಿದ್ರೆ ಹಕ್ಕಿ ವಾಲುತ್ತೆ, ಎಲ್ರೂ ಅಂಟನ್ನ ಬೈತಾರೆ.

ಚೆನ್ನಕೇಶವ ದೇವಸ್ಥಾನಕ್ಕೆ ಕರ್ಕೊಂಡು ಬಂದ್ರೆ, ಅಂಗಳದಲ್ಲಿ ನೆಲಕ್ಕೆ ಹೂಳದೆ ಕಟ್ಟೆ ಮೇಲೆ ನಿಂತಿರೋ ದೀಪಸ್ತಂಭವನ್ನ ಪವಾಡ ಅಂತ ಹೇಳ್ಬೇಡಿ. ಹಿಂದಿನ ದಿನ ಟೂತ್‌ಪೇಸ್ಟ್ ಡಬ್ಬಿ ಮುಖದ ನಡುವಿಗೆ ಗುಂಡುಸೂಜಿ ಚುಚ್ಚಿ, ಕಲ್ಲು ಕಟ್ಟಿದ ದಾರ ಇಳಿಬಿಡಿ. ಮೇಜಿನ ಅಂಚಿನಲ್ಲಿ ನಿಲ್ಲಿಸಿ ಮೆಲ್ಲಗೆ ವಾಲಿಸಿ. ದಾರ ತಳದ ಮೂಲೆ ದಾಟೋವರೆಗೂ ಡಬ್ಬಿ ವಾಪಸ್ ನಿಲ್ಲುತ್ತೆ, ದಾಟಿದ ಕೂಡಲೇ ಉರುಳುತ್ತೆ. ಇಷ್ಟು ನೋಡಿದ ಮಕ್ಕಳು ಕಂಬದ ಬುಡ ಎಷ್ಟು ಅಗಲ ಅಂತ ಮೊದಲು ನೋಡ್ತಾರೆ.