ಸೂರ್ಯನ ಕುದುರೆಗೂ ‘ಜ್ವರ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ. ಹಾಸನದ ನಮ್ಮ ಮನೆಯಲ್ಲಿ ಮಗ ಸೂರ್ಯನ ಕುದುರೆ ಸಾಕುತ್ತಿದ್ದಾನೆ. ಮುಂಗಾಲು ಮಡಚಿ ಕೈಮುಗಿದಂತೆ ಕೂರುತ್ತದಲ್ಲ, ಆ ಹಸಿರು ಹುಳು. ಮರಿಯಿದ್ದಾಗ ಬಾಳೆಹಣ್ಣಿಗೆ ಮುತ್ತುವ ಸಣ್ಣ ನೊಣ ಹಿಡಿದು ಬಿಡುತ್ತಿದ್ದ, ಆಮೇಲೆ ಪುಟ್ಟ ಮಿಡತೆ.

ಇದಕ್ಕೂ ಮೊದಲು ಒಂದಿತ್ತು. ಅದು ಎರಡು ದಿನ ಏನೂ ತಿನ್ನದೆ ಡಬ್ಬಿಯ ಬಲೆಗೆ ತಲೆಕೆಳಗಾಗಿ ನೇತಾಡುತ್ತಿತ್ತು. ಹಸಿದಿರಬೇಕು ಅಂತ ನಾನೇ ಒಂದು ಮಿಡತೆ ಬಿಟ್ಟೆ. ರಾತ್ರಿ ಪೊರೆ ಬಿಡುವಾಗ ಆ ಮಿಡತೆ ತಾಗಿ ಕೆಳಗೆ ಬಿತ್ತು. ಇನ್ನೂ ಮೆತ್ತಗಿದ್ದ ಮುಂಗಾಲು ಸೊಟ್ಟಗಾಗಿ ಹಾಗೇ ಗಟ್ಟಿಯಾಯಿತು. ಬೇಟೆ ಹಿಡಿಯಲಾಗದೆ ಕೆಲವೇ ದಿನಕ್ಕೆ ಸತ್ತಿತು. ಮಗ ತುಂಬಾ ಅತ್ತ. ನನಗೆ ಇವತ್ತಿಗೂ ಸಂಕಟ.

ಆಗ ಅಮ್ಮ ಅಂದರು: “ಅದು ಜ್ವರಕ್ಕೆ ಕೂತಿತ್ತು ಕಣಪ್ಪ. ಆಗ ಯಾರಾದರೂ ಮೇವು ಹಾಕ್ತಾರಾ?”

ಅಮ್ಮನ ತವರು ಚನ್ನರಾಯಪಟ್ಟಣದ ಕಡೆ, ರೇಷ್ಮೆ ಸಾಕಿದ ಮನೆ. ರೇಷ್ಮೆ ಹುಳು ಗೂಡು ಕಟ್ಟುವಷ್ಟರಲ್ಲಿ 4 ಸಲ ಪೊರೆ ಬಿಡುತ್ತದೆ. ಅದನ್ನು ಎಣಿಸುವುದೇ ಮೊದಲನೇ ಜ್ವರ, ಎರಡನೇ ಜ್ವರ ಅಂತ. ಹುಳು ತಲೆ ಎತ್ತಿ ಅಲ್ಲಾಡದೆ ನಿಂತರೆ ಜ್ವರಕ್ಕೆ ಕೂತ ಹಾಗೆ. ಸೊಪ್ಪು ನಿಲ್ಲಿಸಬೇಕು. ಜ್ವರದಿಂದ ಎದ್ದ ಮೇಲೇ ಮತ್ತೆ ಸೊಪ್ಪು. ಇದು ಕಾಯಿಲೆ ಅಲ್ಲ.

‘ಪೊರೆ ಬಿಡು’ ಅನ್ನುವ ಮಾತು ನಮಗೆ ಮೊದಲೇ ಇದೆ, ನಿಜ. ಆದರೆ ಅದು ಚರ್ಮ ಕಳಚುವ ಆ ಒಂದು ಗಳಿಗೆಯನ್ನಷ್ಟೇ ಹೇಳುತ್ತದೆ. ಮೊದಲಿನ ಉಪವಾಸ, ಆಮೇಲೆ ಮೈ ಗಟ್ಟಿಯಾಗುವ ತನಕದ ಕಾಯುವಿಕೆ, ಎಲ್ಲ ಸೇರುವುದು ‘ಜ್ವರ’ದಲ್ಲಿ. ಸಾಕುವವರಿಗೆ ಬೇಕಾದ್ದು ಅದೇ ಅಲ್ವಾ? ಆರೈಕೆ ಮಾತ್ರ ಉಲ್ಟಾ. ರೇಷ್ಮೆ ಹುಳು ಜ್ವರದಲ್ಲಿದ್ದಾಗ ಹಾಸಿಗೆ ಒಣಗಿರಲಿ ಅಂತ ಸುಣ್ಣದ ಪುಡಿ ಉದುರಿಸುತ್ತಾರೆ. ಸೂರ್ಯನ ಕುದುರೆಯ ಡಬ್ಬಿಗೆ ತುಸು ನೀರು ಸಿಂಪಡಿಸಬೇಕು. ಗಾಳಿ ಜಾಸ್ತಿ ಒಣಗಿದರೆ ಪೊರೆ ಮೈಗೇ ಅಂಟಿಕೊಳ್ಳುತ್ತದೆ.

ಒಂದು ತೊಡಕಿದೆ. ಮಗ ಈಗ ಡಬ್ಬಿಯ ಮೇಲೆ ‘ಜ್ವರ, ಮುಟ್ಟಬೇಡಿ’ ಅಂತ ಚೀಟಿ ಅಂಟಿಸಿದ್ದಾನೆ. ಬಂದವರೆಲ್ಲ “ಏನು, ಹುಷಾರಿಲ್ವಾ?” ಅಂತ ಕೇಳುತ್ತಾರೆ. ರೇಷ್ಮೆ ಬಿಟ್ಟು ಬೇರೆ ಹುಳುವಿಗೆ ‘ಜ್ವರ’ ಅನ್ನುವುದನ್ನು ನೀವು ಎಲ್ಲಾದರೂ ಕೇಳಿದ್ದೀರಾ? ಮೂಡಿಗೆರೆ, ಕೊಪ್ಪದ ಕಡೆಯವರು ಗದ್ದೆ ಏಡಿ ಚಿಪ್ಪು ಬಿಟ್ಟು ಮೆತ್ತಗಿರುವ ಸಮಯಕ್ಕೆ ಏನನ್ನುತ್ತೀರಿ? ಆ ಮಾತೂ ಗೊತ್ತಾದರೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಬಹುದು.