ಮರುನೆಲೆಯೋ ಪುನರ್ವಸತಿಯೋ, ಪ್ರಾಯೋಜಕರೋ ಹೊಣೆಗಾರರೋ?

ಮಾನ್ಯರೆ,

ಮುಂಬಯಿಯ ನಮ್ಮ ಕನ್ನಡ ಸಂಘದ ತ್ರೈಮಾಸಿಕಕ್ಕಾಗಿ ನಿರಾಶ್ರಿತರ ರಕ್ಷಣೆಯನ್ನು ಕುರಿತು ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ರೀಸೆಟಲ್‌ಮೆಂಟ್ ಎಂಬುದಕ್ಕೆ ‘ಪುನರ್ವಸತಿ’, ಕಮ್ಯೂನಿಟಿ ಸ್ಪಾನ್ಸರ್‌ಶಿಪ್ ಎಂಬುದಕ್ಕೆ ‘ಸಮುದಾಯ ಪ್ರಾಯೋಜಕತ್ವ’ ಎಂದು ಬರೆದರೆ ಓದುಗರಿಗೆ ವಿಷಯವೇ ತಪ್ಪಾಗಿ ತಲುಪುತ್ತದೆ ಎಂಬುದು ನನ್ನ ಅಳುಕು.

ಪುನರ್ವಸತಿ ಎಂದೊಡನೆ ನಮಗೆ ನೆನಪಾಗುವುದು ಆಲಮಟ್ಟಿ, ಕೊಯ್ನಾ ಅಣೆಕಟ್ಟುಗಳಿಂದ ಮುಳುಗಡೆಯಾದ ಊರುಗಳು, ಮುಂಬಯಿಯ ಝೋಪಡಪಟ್ಟಿಗಳ ಜಾಗದಲ್ಲಿ ಎದ್ದ ಕಟ್ಟಡಗಳು. ದೇಶವಿಭಜನೆಯ ಬಳಿಕ ಸಿಂಧಿ ಕುಟುಂಬಗಳು ಕಲ್ಯಾಣದ ಬಳಿಯ ಸೇನಾ ಶಿಬಿರಕ್ಕೆ ಬಂದು, ಆ ಶಿಬಿರವೇ 1949ರಲ್ಲಿ ಉಲ್ಲಾಸನಗರವೆಂದು ಹೆಸರಾದದ್ದನ್ನೂ ನಾವು ಪುನರ್ವಸತಿಯೆಂದೇ ಕರೆಯುತ್ತೇವೆ. ಅದು ಸರಿಯೂ ಹೌದು. ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿ ಹೇಳುವ ರೀಸೆಟಲ್‌ಮೆಂಟ್ ಬೇರೆಯೇ. ತನ್ನ ದೇಶವನ್ನು ಬಿಟ್ಟು ಓಡಿಬಂದು ಎರಡನೆಯ ದೇಶದಲ್ಲಿ ತಂಗಿರುವ, ಆದರೆ ಅಲ್ಲಿಯೂ ಸುರಕ್ಷಿತವಾಗಿ ಉಳಿಯಲಾಗದ ವ್ಯಕ್ತಿಯನ್ನು ಮೂರನೆಯ ದೇಶವೊಂದು ಒಪ್ಪಿ ಕರೆಸಿಕೊಂಡು, ಕಾಯಂ ವಾಸದ ಅವಕಾಶವನ್ನು ಕೊಡುವುದು ಅದರ ಅರ್ಥ. ಮುಳುಗಡೆಯ ಸಂತ್ರಸ್ತ ಪುನರ್ವಸತಿಯನ್ನು ತನ್ನ ಹಕ್ಕೆಂದು ಕೇಳಬಲ್ಲ. ನಿರಾಶ್ರಿತನಿಗೆ ಈ ಹಕ್ಕಿಲ್ಲ. ನಿರಾಶ್ರಿತರನ್ನು ಕುರಿತ 1951ರ ಅಂತರರಾಷ್ಟ್ರೀಯ ಒಡಂಬಡಿಕೆ ಅಪಾಯವಿರುವಲ್ಲಿಗೆ ಆತನನ್ನು ಹಿಂದಕ್ಕೆ ಅಟ್ಟಬಾರದೆಂದು ಸಹಿ ಹಾಕಿದ ದೇಶಗಳನ್ನು ಕಟ್ಟುಹಾಕುತ್ತದೆಯೇ ಹೊರತು, ದೂರದ ಶಿಬಿರದಿಂದ ಕರೆಸಿಕೊಳ್ಳಬೇಕೆಂದು ಯಾರನ್ನೂ ಕಟ್ಟುಹಾಕುವುದಿಲ್ಲ. ಹಾಗಾಗಿಯೇ ಲೋಕದ ನಿರಾಶ್ರಿತರಲ್ಲಿ ವರ್ಷಕ್ಕೆ ನೂರಕ್ಕೊಬ್ಬರಿಗೂ ಈ ಅವಕಾಶ ಸಿಗುವುದಿಲ್ಲ. ‘ಮೂರನೆಯ ದೇಶದಲ್ಲಿ ಮರುನೆಲೆ’ ಎಂದು ಮೊದಲ ಸಲ ಬಿಡಿಸಿ ಬರೆದು, ಮುಂದೆ ‘ಮರುನೆಲೆ’ ಎಂದಷ್ಟೇ ಬಳಸಬಹುದೇ?

ನನ್ನನ್ನು ಹೆಚ್ಚು ಕಾಡುತ್ತಿರುವುದು ಎರಡನೆಯ ಪದ. ನಮ್ಮ ಬಳಕೆಯಲ್ಲಿ ಪ್ರಾಯೋಜಕನೆಂದರೆ ಯಕ್ಷಗಾನಕ್ಕೋ ಕ್ರಿಕೆಟ್ ಪಂದ್ಯಕ್ಕೋ ಹಣ ಕೊಟ್ಟು, ಬ್ಯಾನರಿನ ಮೇಲೆ ಹೆಸರು ಹಾಕಿಸಿಕೊಳ್ಳುವವನು. ಕೆನಡಾದಲ್ಲಿ ವಿಯೆಟ್ನಾಂ, ಕಾಂಬೋಡಿಯ, ಲಾವೋಸ್‌ಗಳಿಂದ ಓಡಿಬಂದವರಿಗಾಗಿ 1979ರಲ್ಲಿ ದೊಡ್ಡ ಪ್ರಮಾಣದಲ್ಲಿ ಆರಂಭವಾದ ಈ ಸ್ಪಾನ್ಸರ್‌ಶಿಪ್ ಕ್ರಮದಲ್ಲಿ ಐದು ಜನ ಸಾಮಾನ್ಯರೋ ಒಂದು ಚರ್ಚೋ ಸರ್ಕಾರಕ್ಕೆ ಲಿಖಿತ ಮುಚ್ಚಳಿಕೆ ಬರೆದುಕೊಟ್ಟು, ಬರುವ ಕುಟುಂಬವನ್ನು ವಿಮಾನನಿಲ್ದಾಣದಲ್ಲಿ ಎದುರುಗೊಂಡು, ಮನೆ ಹುಡುಕಿ, ಮಕ್ಕಳನ್ನು ಶಾಲೆಗೆ ಸೇರಿಸಿ, ವೈದ್ಯರಲ್ಲಿಗೂ ಭಾಷೆಯ ತರಗತಿಗೂ ಜೊತೆಗೆ ಹೋಗಿ, ಸಾಮಾನ್ಯವಾಗಿ ಒಂದು ವರ್ಷದವರೆಗೆ ಮನೆಖರ್ಚನ್ನೂ ನೋಡಿಕೊಳ್ಳುತ್ತಾರೆ. ನಿರಾಶ್ರಿತರ ಸೇವೆಗಾಗಿ ವಿಶ್ವಸಂಸ್ಥೆಯ ಅದೇ ಕಚೇರಿ ಕೊಡುವ ನಾನ್ಸೆನ್ ಪದಕ 1986ರಲ್ಲಿ ಸಂದದ್ದು ಯಾವೊಬ್ಬ ವ್ಯಕ್ತಿಗೂ ಅಲ್ಲ, ಇಡೀ ಕೆನಡಾದ ಜನತೆಗೆ. ಬ್ರಿಟನ್ ಇಂಥದೇ ಕ್ರಮವನ್ನು 2016ರಲ್ಲಿ ತನ್ನದಾಗಿಸಿಕೊಂಡಿತು. ಇಷ್ಟು ಕೆಲಸವನ್ನು ಪ್ರಾಯೋಜಕತ್ವವೆಂದರೆ ಉಳಿಯುವುದು ಹಣವೊಂದೇ.

ನಮ್ಮವರಿಗೆ ಈ ಭಾವನೆ ಅಪರಿಚಿತವಲ್ಲ. ಊರಿನಿಂದ ಮುಂಬಯಿಗೆ ಬಂದ ಹುಡುಗನನ್ನು ಹೋಟೆಲಿನ ಹಿರಿಯರೊಬ್ಬರು ಕೆಲಸಕ್ಕಿಟ್ಟುಕೊಂಡು, ಕನ್ನಡ ರಾತ್ರಿಶಾಲೆಗೂ ಕಳುಹಿಸುತ್ತಿದ್ದಾಗ ‘ಹುಡುಗ ನನ್ನ ಹೊಣೆ’ ಎನ್ನುತ್ತಿದ್ದರು. ಆ ಹುಡುಗನಿಗೆ ಹಿಂದಿರುಗಲು ಊರಿತ್ತು, ನಿರಾಶ್ರಿತನಿಗೆ ಅದಿಲ್ಲ ಎಂಬ ವ್ಯತ್ಯಾಸ ಸಣ್ಣದಲ್ಲ. ಆದರೂ ‘ಹೊಣೆ’ ಎಂಬಲ್ಲಿ ದುಡ್ಡೂ ಇದೆ, ಜೊತೆಗೆ ನಿಲ್ಲುವುದೂ ಇದೆ, ಮಾತು ಕೊಟ್ಟದ್ದೂ ಇದೆ. ‘ಜಾಮೀನು’ ಎಂದರೆ ನ್ಯಾಯಾಲಯದ ವಾಸನೆ ಬರುತ್ತದೆ. ‘ಆಶ್ರಯದಾತ’ ಎಂಬುದು ಕೊಡುವವನನ್ನು ಮೇಲಕ್ಕೇರಿಸಿ, ಪಡೆಯುವವನನ್ನು ಕೆಳಗಿಳಿಸುವುದರಿಂದ ನನಗೆ ಒಪ್ಪಿಗೆಯಿಲ್ಲ.

‘ನಿರಾಶ್ರಿತ’ ಎಂಬ ಪದವನ್ನು ಹಾಗೆಯೇ ಉಳಿಸಿಕೊಳ್ಳುತ್ತೇನೆ. ಬೆಂಗಳೂರಿನಲ್ಲಿ ಭಿಕ್ಷುಕರಿಗಾಗಿ ಇರುವ ಕೇಂದ್ರಕ್ಕೂ ನಿರಾಶ್ರಿತರ ಪರಿಹಾರ ಕೇಂದ್ರವೆಂಬ ಹೆಸರಿರುವುದು ನಿಜ. ಆದರೆ ಹಿಂದಿಯಂತೆ ‘ಶರಣಾರ್ಥಿ’ ಎಂದು ಬರೆದರೆ, ಅದನ್ನು ನಮಸ್ಕಾರವಾಗಿ ಬಳಸುವ ಸೊಲ್ಲಾಪುರ, ಅಕ್ಕಲಕೋಟೆಯ ನಮ್ಮ ಓದುಗರಿಗೆ ಗೊಂದಲವಾದೀತು.

ಸ್ಪಾನ್ಸರ್‌ಶಿಪ್‌ಗೆ ‘ಸಮುದಾಯ ಹೊಣೆಗಾರಿಕೆ’, ಸ್ಪಾನ್ಸರ್ ಗುಂಪಿಗೆ ‘ಹೊಣೆಬಳಗ’ ಎಂಬ ಪದಗಳು ನಿಮಗೆ ಸಹಜವಾಗಿ ಕೇಳಿಸುತ್ತವೆಯೇ? ಕಾನೂನು ಅನುವಾದದಲ್ಲಿ ‘ಹೊಣೆಗಾರಿಕೆ’ಯನ್ನು ಲಯಬಿಲಿಟಿ, ಅಂದರೆ ಕಾನೂನಿನ ಬಾಧ್ಯತೆ, ಎಂಬ ಅರ್ಥದಲ್ಲಿ ಬಳಸುವವರು ನಿಮ್ಮಲ್ಲಿದ್ದರೆ, ಎರಡೂ ಅರ್ಥಗಳು ಒಂದೇ ವಾಕ್ಯದಲ್ಲಿ ಬಂದಾಗ ಹೇಗೆ ಬಿಡಿಸಿಕೊಳ್ಳುತ್ತೀರೆಂದು ದಯವಿಟ್ಟು ತಿಳಿಸಿರಿ.